‘ಕೈ ತೊಳೆದುಕೊಂಡು ಬೆನ್ನು ಹತ್ತುವುದು’: ಒಂದು ನುಡಿಗಟ್ಟಿನ ವಿಮರ್ಶೆ

ಒಬ್ಬನ ಕೇಡನ್ನು ಕಾಣುವವರೆಗೂ ವಿರಮಿಸದ ಹಗೆಯನ್ನು ಸೂಚಿಸಲು ಕನ್ನಡದಲ್ಲಿ ‘ಕೈ ತೊಳೆದುಕೊಂಡು ಬೆನ್ನು ಹತ್ತು’ ಎಂಬ ನುಡಿಗಟ್ಟುಂಟು. 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದ, ಕನ್ನಡದೊಡನೆ ಉರ್ದು ತೆಲುಗುಗಳೂ ಬಳಕೆಯಲ್ಲಿರುವ ಚಿಂಚೋಳಿಯಂಥ ಗಡಿಸೀಮೆಯಲ್ಲಿ ಇಂಥ ಮಾತುಗಳ ಪರಿಶೀಲನೆ ಫಲಪ್ರದವಾದುದು. ಉರ್ದುವಿನ ‘ಹಾಥ್ ಧೋಕರ್ ಪೀಛೆ ಪಡನಾ’, ಮರಾಠಿಯ ‘ಹಾತ ಧುವೂನ ಪಾಠೀಮಾಗೇ ಲಾಗಣೇ’ ಎಂಬುವೂ ಇದನ್ನೇ ಹೇಳುತ್ತವೆ. ಆದರೆ ನುಡಿಗಟ್ಟಿನ ಉತ್ತರಾರ್ಧ ಕನ್ನಡದಲ್ಲಿ ಬಹು ಪ್ರಾಚೀನ: ‘ಬೆನ್’, ‘ಪತ್ತು’ ಎಂಬೆರಡು ಪದಗಳು ಕೂಡಿ ಹಳಗನ್ನಡದಲ್ಲಿಯೇ ‘ಬೆಂಬತ್ತು’ ಎಂದಾಗಿತ್ತು.

ಪೂರ್ವಾರ್ಧದಲ್ಲಿ ಒಂದು ವೈಚಿತ್ರ್ಯವಿದೆ. ‘ಆ ವಿಷಯದಲ್ಲಿ ಕೈ ತೊಳೆದುಕೊಂಡ’ ಎಂದರೆ ಸಂಬಂಧವನ್ನು ಕಡಿದುಕೊಂಡನೆಂದು ಅರ್ಥ. ಅದೇ ಮಾತು ಬೆನ್ನು ಹತ್ತುವುದರೊಡನೆ ಸೇರಿದಾಗ ಬಿಡದ ಹಟವಾಗುತ್ತದೆ. ಈ ವಿರೋಧವು ತೋರಿಕೆಯದೆಂದು ನನ್ನ ಭಾವನೆ. ಹಗೆ ಸಾಧಿಸುವವನು ತನ್ನ ಉಳಿದೆಲ್ಲ ವ್ಯವಹಾರಗಳಿಂದಲೂ ಕೈ ತೊಳೆದುಕೊಂಡಿದ್ದಾನೆ; ಅವನ ಕಣ್ಣಿಗೆ ಉಳಿದಿರುವುದು ಮುಂದೆ ಓಡುವವನ ಬೆನ್ನೊಂದೇ. ಆದುದರಿಂದ ಈ ನುಡಿಗಟ್ಟು ಓಡುವವನ ತಪ್ಪನ್ನು ವಿಚಾರಿಸುವುದಿಲ್ಲ. ಅಟ್ಟುವವನ ಸ್ಥಿತಿಯನ್ನು ಹೇಳುತ್ತದೆ.

ಈ ದೃಷ್ಟಿಯಿಂದ ರನ್ನನ ‘ಗದಾಯುದ್ಧ’ವನ್ನು ನೋಡಬಹುದು. ಚಿಂಚೋಳಿಗೆ ನೆರೆಯದಾದ ಸೇಡಂ ತಾಲ್ಲೂಕಿನ ಮಳಖೇಡವೇ ಪ್ರಾಚೀನ ಮಾನ್ಯಖೇಟ. 973ರಲ್ಲಿ ರಾಷ್ಟ್ರಕೂಟರನ್ನು ಗೆದ್ದ ಚಾಲುಕ್ಯ ತೈಲಪನಿಗೂ ಅದೇ ರಾಜಧಾನಿಯಾಯಿತು. ಅವನ ಮಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರನ್ನನು ಕಾವ್ಯ ರಚಿಸಿದನು. ಅಲ್ಲಿ ಭೀಮನು ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನೂ ಬಿಡದೆ, ಮೂದಲಿಸಿ ಹೊರಗೆ ಬರಿಸುತ್ತಾನೆ. ಇದು ಧರ್ಮವೇ? ‘ನೀರಿಗೆ ಬಿದ್ದ ನಾಯಿಯನ್ನು ಹೊಡೆ’ ಎಂಬುದು ಚೀನೀಯರ ಒಂದು ನುಡಿಗಟ್ಟು. ಕಚ್ಚುವ ನಾಯಿ ದಡಕ್ಕೆ ಬಂದರೆ ಮತ್ತೆ ಕಚ್ಚೀತೆಂದು ಲೇಖಕ ಲೂ ಷುನ್ 1925ರ ಪ್ರಬಂಧವೊಂದರಲ್ಲಿ ಆ ಮಾತನ್ನು ಸಮರ್ಥಿಸಿದನು. ದ್ರೌಪದಿಯ ಅವಮಾನವನ್ನೂ ತನ್ನ ಪ್ರತಿಜ್ಞೆಯನ್ನೂ ನೆನೆಯುವ ಭೀಮನಿಗೆ ಇದಕ್ಕಿಂತ ಬಲವಾದ ಕಾರಣವಿತ್ತು.

ರನ್ನನು ಆ ಕಾರಣವನ್ನು ಪೂರ್ಣವಾಗಿ ಒಪ್ಪುತ್ತಾನೆ. ಆದರೂ ರಣಭೂಮಿಯಲ್ಲಿ ಕರ್ಣನಿಗಾಗಿ, ದುಶ್ಶಾಸನನಿಗಾಗಿ ಶೋಕಿಸುವ ದುರ್ಯೋಧನನನ್ನು ಅಷ್ಟೇ ಶ್ರದ್ಧೆಯಿಂದ ಚಿತ್ರಿಸುತ್ತಾನೆ. ಹಗೆಗೆ ಕಾಣದ ಮುಖವು ಕವಿಗೆ ಕಂಡಿತು. ಕಾವ್ಯದ ನಾಯಕನು ಭೀಮನೋ ದುರ್ಯೋಧನನೋ ಎಂದು ವಿಮರ್ಶಕರು ಬಹುಕಾಲ ವಾದಿಸಿದ್ದಾರೆ. ಒಬ್ಬನನ್ನೇ ಆರಿಸಹೊರಟರೆ ಕಾವ್ಯದ ಅರ್ಧವನ್ನು ಕಳೆದುಕೊಳ್ಳುತ್ತೇವೆ. ಅಟ್ಟುವವನಿಗೆ ನ್ಯಾಯವಿರಬಹುದು, ಆ ನ್ಯಾಯದಿಂದ ಓಡುವವನ ದುಃಖ ಸುಳ್ಳಾಗದು ಎಂಬುದನ್ನು ವಿದ್ಯಾರ್ಥಿಗಳು ಈ ಕಾವ್ಯದಿಂದ ಕಲಿಯಬೇಕಾಗಿದೆ.