ಬೂಸಾ, ದುಡಿ, ನವಿಲು: ಪ್ರತಿಮೆ ಯಾರ ಕೈಯದು?

ದಲಿತ ಕಾವ್ಯದಲ್ಲಿ ಘೋಷಣೆ ಇದೆ, ಪ್ರತಿಮೆ ಇಲ್ಲ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಎಂ.ಎ. ತರಗತಿಯಲ್ಲಿ. ಹೇಳಿದ ಮೇಷ್ಟ್ರು ಕೆಟ್ಟವರಲ್ಲ. ನವ್ಯ ವಿಮರ್ಶೆ ಓದಿ ಬೆಳೆದವರು. ಸಂಕೇತ, ಪ್ರತಿಮೆ, ಶಬ್ದಸೂಕ್ಷ್ಮ ಇವೇ ಅವರ ಅಳತೆಗೋಲು. ಹಿಂದಿನ ಬೆಂಚಿನಲ್ಲಿದ್ದ ನಾವು ಮೂರು ಜನ ತಲೆ ತಗ್ಗಿಸಿ ನೋಟ್ಸು ಬರೆದುಕೊಂಡೆವು. ಈಗ ನಾನೇ ಪಾಠ ಮಾಡುವವನಾಗಿ ನಾಲ್ಕು ವರ್ಷವಾಯ್ತು. ಅಂದು ಬಾಯಿಗೆ ಬಾರದ ಉತ್ತರವನ್ನು ಇಲ್ಲಿ ಬರೆಯಲು ನೋಡುತ್ತೇನೆ.

ಅದಕ್ಕೆ 1973ಕ್ಕೆ ಹೋಗಬೇಕು. ಆ ವರ್ಷದ ನವೆಂಬರಿನಲ್ಲಿ, ಅರಸು ಸಂಪುಟದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಅಂದರು. ದೊಡ್ಡ ಗಲಭೆಯೆದ್ದಿತು. ದಲಿತ ವಿದ್ಯಾರ್ಥಿಗಳು ಏಟು ತಿಂದರು. ಕುವೆಂಪು ಬಸವಲಿಂಗಪ್ಪನವರ ಪರ ನಿಂತರೂ ಮಂತ್ರಿಗಿರಿ ಉಳಿಯಲಿಲ್ಲ. ಇದನ್ನು ನಾವು ಚಳವಳಿಯ ಚರಿತ್ರೆಯಾಗಿ ಮಾತ್ರ ಹೇಳಿಕೊಂಡು ಬಂದಿದ್ದೇವೆ. ಆದರೆ ಅದು ಸಾಹಿತ್ಯ ವಿಮರ್ಶೆಯೂ ಹೌದು, ಒಂದೇ ಪದದ ವಿಮರ್ಶೆ. ಅವರು 'ನಿಸ್ಸಾರ' ಅಂದಿದ್ದರೆ ಯಾವ ಪಂಡಿತನೂ ಬೀದಿಗಿಳಿಯುತ್ತಿರಲಿಲ್ಲ. ಅದು ಪುಸ್ತಕದ ಪದ, ಪುಸ್ತಕದವರೇ ಒಬ್ಬರಿಗೊಬ್ಬರು ಹೇಳಿಕೊಳ್ಳುವಂಥದು. ಬೂಸಾ ಕೊಟ್ಟಿಗೆಯ ಪದ. ಕಾಳಿನ ಸತ್ವ ತೆಗೆದ ಮೇಲೆ ಉಳಿದದ್ದನ್ನು ದನಕ್ಕೆ ಇಡುತ್ತಾರೆ. ಹಾಗಾದರೆ ಹಿಟ್ಟು ಎಲ್ಲಿ ಹೋಯ್ತು, ಯಾರು ಉಂಡರು ಎಂಬ ಪ್ರಶ್ನೆಯೂ ಆ ಪದದ ಒಳಗೇ ಕೂತಿದೆ. ಪ್ರತಿಮೆ ಇಲ್ಲ ಎನ್ನುವವರು ಇದನ್ನು ಏನೆಂದು ಕರೆಯುತ್ತಾರೋ ನನಗೆ ಗೊತ್ತಿಲ್ಲ. ನಾನಂತೂ ಪ್ರತಿಮೆ ಅಂತಲೇ ಕರೆಯುತ್ತೇನೆ.

ಪದಕ್ಕೆ ಅರ್ಥ ನಿಘಂಟಿನಿಂದ ಬರುವುದಿಲ್ಲ, ಯಾರು ಯಾರಿಗೆ ಹೇಳಿದರು ಎನ್ನುವುದರಿಂದ ಬರುತ್ತದೆ. 'ಹೊಲೆ' ಎಂಬ ಪದವನ್ನೇ ತೆಗೆದುಕೊಳ್ಳಿ. ಮೈಲಿಗೆಗೂ ಅದೇ ಪದ, ಒಂದು ಜನಸಮುದಾಯಕ್ಕೂ ಅದೇ ಪದ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಈ ಗಂಟನ್ನು ಬಿಡಿಸಲು ಹೊರಟ. ಜಾತಿಯ ಹೆಸರನ್ನು ಹುಟ್ಟಿನಿಂದ ಬಿಚ್ಚಿ ನಡತೆಗೆ ಕಟ್ಟಿದ. ಕೆಟ್ಟದ್ದು ಮಾಡಿದವನೇ ಹೊಲೆಯ, ಮಾದಿಗ ಎಂದ. ಆಶಯ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಕೆಟ್ಟ ನಡತೆಗೆ ಹೆಸರು ಬೇಕಾದಾಗ ಸಿಕ್ಕಿದ್ದು ಕೇರಿಯ ಹೆಸರೇ. ಬೈಗುಳ ಬೈಗುಳವಾಗಿಯೇ ಉಳಿಯಿತು, ಬೈಸಿಕೊಳ್ಳುವವನು ಮಾತ್ರ ಬದಲಾದ. ಮಾದಾರ ಚೆನ್ನಯ್ಯನ ಅಂಕಿತ ನೋಡಿ. ಅಲ್ಲಿ ಉಳಿ ಇದೆ, ಕತ್ತಿ ಇದೆ, ಅಡಿಗೂಂಟ ಇದೆ. ಚರ್ಮದ ಕೆಲಸದ ಸಾಮಾನು ದೈವದ ಹೆಸರಿನೊಳಕ್ಕೇ ಹೋಗಿ ಕೂತಿದೆ. ಬಸವಣ್ಣ ಕೇರಿಯ ಕಡೆಗೆ ನೋಡಿ ಮಾತಾಡುತ್ತಾನೆ, ಚೆನ್ನಯ್ಯ ಕೇರಿಯಲ್ಲಿ ಕೂತು ಮಾತಾಡುತ್ತಾನೆ.

1975ರಲ್ಲಿ ಸಿದ್ಧಲಿಂಗಯ್ಯ ತಮ್ಮ ಮೊದಲ ಸಂಕಲನಕ್ಕೆ 'ಹೊಲೆಮಾದಿಗರ ಹಾಡು' ಎಂದು ಹೆಸರಿಟ್ಟರು. ಅದೇ ಹೆಸರನ್ನು ಹಿಡಿದು ಜಗಲಿಯ ಮೇಲಿನವನು ನಮ್ಮಪ್ಪನನ್ನು ಬೈದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಅಕ್ಷರ ಒಂದೇ, ಬಾಯಿ ಬೇರೆ. ಅವರ ಕಾವ್ಯದ 'ಲಾ'ಕಾರವೂ ಹಾಗೆಯೇ. ಬಾರ್ಲಾ, ಹೋಗ್ಲಾ ಎಂದು ನಮ್ಮ ಹಿರಿಯರನ್ನು ಕೂಗುತ್ತಿದ್ದ ಆ ಪ್ರತ್ಯಯ ಕವಿತೆಯಲ್ಲಿ ತಿರುಗಿ ನಿಂತಿತು. ಇದನ್ನು ಬರೀ ಒರಟು ಭಾಷೆ ಅಂದವರಿಗೆ ವ್ಯಾಕರಣ ಗೊತ್ತಿತ್ತು, ಮರ್ಯಾದೆಯ ವ್ಯಾಕರಣ ಗೊತ್ತಿರಲಿಲ್ಲ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಕೂಡ ಹಂಗಿಸುವವರ ನಾಲಿಗೆಯಿಂದ ಕಿತ್ತುಕೊಂಡ ಹೆಸರು. ಮೀಸಲಾತಿಯ ಹುಡುಗರಿಗೆ ಹಾಸ್ಟೆಲುಗಳಲ್ಲಿ ಇಂಥ ಬಿರುದುಗಳಿಗೆ ಈಗಲೂ ಕೊರತೆಯಿಲ್ಲ.

ಇನ್ನು ಕಾದಂಬರಿ. ಶಿವರಾಮ ಕಾರಂತರ 'ಚೋಮನ ದುಡಿ' (1933) ಓದಿ ಅಳದವರು ಕಡಿಮೆ. ನಾನೂ ಅತ್ತಿದ್ದೇನೆ. ಉಳುವ ಭೂಮಿ ಬೇಕೆಂಬ ಚೋಮನ ಆಸೆ ಎಲ್ಲೆಲ್ಲಿ ಮುರಿಯುತ್ತದೋ ಅಲ್ಲೆಲ್ಲ ದುಡಿ ಕೇಳಿಸುತ್ತದೆ. ಕೊನೆಯುಸಿರಿನ ತನಕ ಅವನು ಬಾರಿಸುತ್ತಾನೆ. ಪ್ರತಿಮೆಯಾಗಿ ಅದು ಬಲವಾದದ್ದು. ಆದರೆ ಎರಡನೇ ಓದಿನಲ್ಲಿ ನನಗೆ ಬೇರೊಂದು ಕಾಡತೊಡಗಿತು. ಚೋಮ ಹೇಳಬೇಕಾದದ್ದನ್ನೆಲ್ಲ ದುಡಿಯೇ ಹೇಳಿಬಿಡುತ್ತದಲ್ಲ? ಸಂಕಟಕ್ಕೆ ಸದ್ದು ಇದೆ, ವಾದ ಇಲ್ಲ. ಓದುಗನಿಗೆ ಕನಿಕರ ಹುಟ್ಟುತ್ತದೆ, ಜವಾಬು ಕೊಡುವ ಕಷ್ಟ ತಪ್ಪುತ್ತದೆ. ಕಾರಂತರ ಕಾಳಜಿಯನ್ನು ನಾನು ಅನುಮಾನಿಸುತ್ತಿಲ್ಲ. ದುಡಿ ಚೋಮನ ಕೈಯಲ್ಲಿದ್ದರೂ ಅದರ ಅರ್ಥ ಲೇಖಕರ ಕೈಯಲ್ಲಿದೆ, ಅಷ್ಟೇ ನನ್ನ ತಕರಾರು.

ದೇವನೂರ ಮಹಾದೇವರ 'ಒಡಲಾಳ'ಕ್ಕೆ ಬಂದರೆ ಹೆಸರಿನಿಂದಲೇ ಲೆಕ್ಕ ಬದಲಾಗುತ್ತದೆ. ನವ್ಯರಿಗೆ ಆಳ ಎಂದರೆ ಮನಸ್ಸು, ಒಂಟಿ ಮನುಷ್ಯನ ಅಂತರಂಗ. ಇಲ್ಲಿ ಆಳ ಇರುವುದು ಒಡಲಿಗೆ. ಒಡಲು ಎಂದರೆ ಮೈ, ಹೊಟ್ಟೆ, ಬಸಿರು ಎಲ್ಲವೂ. ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಕದ್ದು ತಂದ ಕಡಲೆಕಾಯಿ ಮೂಟೆಯ ಸುತ್ತ ಮನೆಮಂದಿಯೆಲ್ಲ ಕೂತು ರಾತ್ರಿಯೇ ತಿಂದು ಮುಗಿಸುತ್ತಾರೆ. ಹಸಿವು ಎಂಬ ಪದವನ್ನು ಕೂಗಿ ಹೇಳುವ ಬದಲು ತಿನ್ನುವುದನ್ನು ಬರೆದರು. ತಿನ್ನುತ್ತ ತಿನ್ನುತ್ತ ಅವರಿಗೆ ನಗು ಬರುತ್ತದೆ, ಮಾತು ಬರುತ್ತದೆ. ಅಲ್ಲಿ ಕನಿಕರಕ್ಕೆ ಜಾಗ ಇಲ್ಲ, ಕಡಲೆಕಾಯಿಗೆ ಮಾತ್ರ ಇದೆ.

ಮತ್ತೆ ಆ ನವಿಲು. ಪುಟ್ಟಗೌರಿ ಮನೆಯ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಪೊಲೀಸರು ನುಗ್ಗುವ ಮನೆಯಲ್ಲಿ, ನಾಳೆಗೆ ಏನೂ ಇಲ್ಲದ ಮನೆಯಲ್ಲಿ ನವಿಲು! ಇದನ್ನು ಸಂಕೇತ ಮಾಡಿ ಇದು ಆಸೆ, ಇದು ಸ್ವಾತಂತ್ರ್ಯ ಎಂದು ಗೈಡು ಬರೆಯುವವರು ಬರೆದುಕೊಳ್ಳಲಿ. ನನಗೆ ಮುಖ್ಯವಾದದ್ದು, ಆ ಚಿತ್ರವನ್ನು ಬರೆಯುವವಳು ಕಥೆಯೊಳಗಿನ ಹೆಣ್ಣುಮಗಳು ಎಂಬುದು. ಪ್ರತಿಮೆ ಅವಳ ಬೆರಳಿನಿಂದ ಬಂದಿದೆ, ಮೇಲಿನಿಂದ ಇಳಿದದ್ದಲ್ಲ.

'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದರಲ್ಲಿ ಮಂಚ ಕಥೆ ಹೇಳುತ್ತದೆ, ಮನೆ ಮನೆಯ ದೀಪಗಳು ಜೋತಮ್ಮಗಳಾಗಿ ಕಲೆತು ಮಾತಾಡುತ್ತವೆ. ಇದಕ್ಕೆ ಲ್ಯಾಟಿನ್ ಅಮೆರಿಕದ ಮಾಂತ್ರಿಕ ವಾಸ್ತವವನ್ನು ತಂದು ಅಂಟಿಸುವುದು ಒಂದು ಚಟವಾಗಿದೆ. ನಮ್ಮಜ್ಜಿ ದೀಪ ಆರಿಸು ಅನ್ನಲು ಬಿಡುತ್ತಿರಲಿಲ್ಲ, 'ದೊಡ್ಡದು ಮಾಡು' ಅನ್ನಬೇಕಿತ್ತು. ದೀಪವನ್ನು ಒಬ್ಬ ಮನುಷ್ಯಳಂತೆ ಕಂಡು ಮಾತು ಸಂಭಾಳಿಸುವ ಭಾಷೆಯಲ್ಲಿ ಜೋತಮ್ಮ ಬಾಯಿ ಬಿಟ್ಟರೆ ಆಶ್ಚರ್ಯವೇನು? ಮಾರ್ಕ್ವೆಜ್ ಓದದ ನಮ್ಮ ಹಟ್ಟಿಯ ಹೆಂಗಸರಿಗೆ ಆ ಪುಟ ಓದಿ ಹೇಳಿದೆ. ಯಾರೂ ಬೆರಗಾಗಲಿಲ್ಲ. ಒಬ್ಬಾಕೆ, 'ಆಮೇಕೆ ಏನಂತಪ್ಪ?' ಅಂದಳು.

ಇಷ್ಟು ಹೇಳಿ ನಮ್ಮವರ ತಪ್ಪು ಮುಚ್ಚಿದರೆ ಅನ್ಯಾಯ. ಮೊದಲ ತಲೆಮಾರಿನ ನಂತರ ನಮ್ಮ ಕವಿತೆಗಳಲ್ಲಿ ಬೆಂಕಿ, ಕೆಂಡ, ಖಡ್ಗ, ಸೂರ್ಯೋದಯ ಇವು ಸಗಟು ಸರಕಾದವು. ಕಾಲೇಜಿನಲ್ಲಿದ್ದಾಗ ನಾನು ಬರೆದ ಒಂದೇ ಕವಿತೆಯಲ್ಲಿ ಮೂರು ಜ್ವಾಲಾಮುಖಿಗಳಿದ್ದವು. ನಾನು ಕಂಡ ಬೆಂಕಿ ಎಂದರೆ ಅವ್ವ ಊದಿ ಊದಿ ಹೊತ್ತಿಸುತ್ತಿದ್ದ ಹಸಿ ಸೌದೆಯ ಒಲೆ, ಅದರ ಹೊಗೆ, ಅವಳ ಕೆಂಪು ಕಣ್ಣು. ಅದನ್ನು ಬಿಟ್ಟು ಜ್ವಾಲಾಮುಖಿಗೆ ಯಾಕೆ ಹೋದೆ? ಸಭೆಯಲ್ಲಿ ಚಪ್ಪಾಳೆ ಬೀಳುತ್ತಿತ್ತು, ಅದಕ್ಕೇ. ಇನ್ನೊಂದು, ಕತ್ತಲೆ, ಕಪ್ಪು ಎಂದರೆ ಕೇಡು ಎಂಬ ಯಜಮಾನ ಸಂಸ್ಕೃತಿಯ ಪ್ರತಿಮೆಯನ್ನು ಕಪ್ಪು ಮೈಯ ನಾವೇ ಎಗ್ಗಿಲ್ಲದೆ ಬಳಸುತ್ತಿದ್ದೇವೆ. ಹೆಣ್ಣು ಬಂದರೆ ಅವಳು ತ್ಯಾಗದ ಅವ್ವ ಅಥವಾ ಗೌಡ ಕೆಡಿಸಿದ ಮೈ, ಎರಡೇ. ಪುಟ್ಟಗೌರಿಯಂತೆ ಸುಮ್ಮನೆ ನವಿಲು ಬರೆಯುವವಳು ನಮ್ಮ ಕವಿತೆಗಳಲ್ಲಿ ಎಷ್ಟು ಜನ ಇದ್ದಾರೆ?

ಈ ವರ್ಷ ಮೊದಲ ವರ್ಷದ ಬಿ.ಎ. ಮಕ್ಕಳಿಗೆ 'ನಮ್ಮ ಊರು' ಎಂದು ಒಂದು ಪುಟ ಬರೆಯಲು ಹೇಳಿದ್ದೆ. ಒಬ್ಬ ಹುಡುಗ ತಾನು ಬರೆದದ್ದನ್ನು ಎದ್ದು ನಿಂತು ಓದಿದ. ಎರಡನೇ ಸಾಲಿನಲ್ಲಿ, ತಾನು ದಿನಾ ಬೆಳಿಗ್ಗೆ ಊರಿಗೆ ಹೋಗಿ ಹಾಲು ಹಾಕಿ ಬರುತ್ತೇನೆ ಎಂದಿತ್ತು. ಅದೇ ಊರಿನ ಹುಡುಗಿಯೊಬ್ಬಳು, 'ಹಾಗಾದ್ರೆ ನೀನಿರೋದು ಎಲ್ಲಿ?' ಅಂತ ನಕ್ಕಳು. ಅವಳಿಗೆ ನಿಜವಾಗಿ ತಿಳಿದಿರಲಿಲ್ಲ ಅನ್ನಿಸುತ್ತದೆ. ಹುಡುಗ ನನ್ನ ಕಡೆ ನೋಡಿದ. ಇನ್ನೂರು ಅಡಿ ಆಚೆಯ ಬೀದಿಗೆ ಹೊರಟಾಗ ನಮ್ಮಪ್ಪ ಕೂಡ 'ಊರೊಳಕ್ಕೆ ಹೋಗ್ಬತ್ತೀನಿ' ಅಂತಲೇ ಹೇಳುತ್ತಿದ್ದ. ಸಿದ್ಧಲಿಂಗಯ್ಯ ಆತ್ಮಕಥೆಗೆ 'ಊರುಕೇರಿ' ಎಂದು ಎರಡನ್ನೂ ಕೂಡಿಸಿ ಹೆಸರಿಟ್ಟದ್ದು ನೆನಪಾಯಿತು, ಆದರೆ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಕೂತ್ಕೋ ಅಂದೆ. ಹಾಳೆ ತಿದ್ದುವಾಗ 'ಊರಿಗೆ' ಎಂಬಲ್ಲಿ ಗೆರೆ ಎಳೆದೆ. ಪಕ್ಕದಲ್ಲಿ ಏನು ಬರೆಯುವುದೆಂದು ಹೊಳೆಯಲಿಲ್ಲ, ಅಂಕ ಹಾಕಿ ಕೊಟ್ಟೆ.