ಮರಿಗಿಂತ ಮೊದಲು ತಾಯಿಯನ್ನು ನೋಡಿ

ನಾಯಿಮರಿ ಕೊಳ್ಳಲು ಹೋದವರ ಕಣ್ಣೆಲ್ಲ ಮರಿಯ ಮೇಲೆಯೇ. ಬಣ್ಣ ಹೇಗಿದೆ, ಮೂಳೆ ದಪ್ಪವಿದೆಯೇ, ಕರೆದರೆ ಓಡಿ ಬರುತ್ತದೆಯೇ ಎಂದು ನೋಡಿ, ದುಡ್ಡು ಕೊಟ್ಟು ಎತ್ತಿಕೊಂಡು ಬರುತ್ತಾರೆ. ತಾಯಿ ಎಲ್ಲಿ ಎಂದು ಕೇಳಿದರೆ "ತೋಟದಲ್ಲಿದೆ ಸಾರ್, ಈಗ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ವಾರದ ಮಾತು ಆ ಕಾಣದ ತಾಯಿಯದು. ಕೇಂದ್ರ ಸರ್ಕಾರ 2017ರ ಮೇ ತಿಂಗಳಲ್ಲಿ ಹೊರಡಿಸಿದ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳ ತಿರುಳಿರುವುದೂ ಅವಳಲ್ಲೇ.

ಮಾರಾಟಕ್ಕೆಂದು ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನೋಂದಣಿಯ ಅವಧಿ ಎರಡು ವರ್ಷ. 18 ತಿಂಗಳು ತುಂಬದ ಹೆಣ್ಣುನಾಯಿಗೆ ಕ್ರಾಸ್ ಮಾಡಿಸುವಂತಿಲ್ಲ, ಎಂಟು ವರ್ಷ ದಾಟಿದ ಮೇಲೂ ಇಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ ಸೂಲು. ಪ್ರತಿ ಸಲವೂ ಮುಂಚೆಯೇ ಪಶುವೈದ್ಯರು ಅವಳನ್ನು ಪರೀಕ್ಷಿಸಿ, ಆರೋಗ್ಯವಾಗಿದ್ದಾಳೆ ಎಂದು ಬರೆದುಕೊಡಬೇಕು.

ನಾಯಿ ಸಾಕಿದವರಿಗೆ ಈ ಅಂಕಿಗಳ ಬೆಲೆ ಗೊತ್ತು. ಸಾಮಾನ್ಯವಾಗಿ ಹೆಣ್ಣುನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ. ಗಬ್ಬ ಸುಮಾರು 63 ದಿನ, ಆಮೇಲೆ ಆರೇಳು ವಾರ ಹಾಲೂಡಿಸಬೇಕು. ಎರಡು ಬೆದೆಗೂ ಕ್ರಾಸ್ ಮಾಡಿಸಿದರೆ ವರ್ಷದಲ್ಲಿ ಏಳು ತಿಂಗಳು ಅವಳ ಮೈ ಅವಳದಾಗಿರುವುದಿಲ್ಲ. ಅಂಥವಳನ್ನು ಗುರುತಿಸುವುದು ಕಷ್ಟವಲ್ಲ. ಮೊಲೆಗಳು ಜೋತುಬಿದ್ದು ಮತ್ತೆ ಮೈಗೆ ಸೇರಿರುವುದಿಲ್ಲ. ಸೊಂಟದ ಮೂಳೆ ಎದ್ದು ಕಾಣುತ್ತದೆ, ಪಕ್ಕೆಯ ಕೂದಲು ತೆಳ್ಳಗಾಗಿರುತ್ತದೆ. ಬರೀ ಸಿಮೆಂಟ್ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಕಪ್ಪಾಗಿ ಜಡ್ಡುಗಟ್ಟಿರುತ್ತದೆ. ಪೊಮೆರೇನಿಯನ್‌ನಂಥ ಸಣ್ಣ ತಳಿಗಳ ಪಾಡು ಇನ್ನೂ ಕಠಿಣ. ಹಾಲಿನ ಭಾರಕ್ಕೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು, ಮರಿ ಹಾಕಿದ ಕೆಲವೇ ವಾರಗಳಲ್ಲಿ ಮೈ ನಡುಗಿ ಕಾಲು ಸೆಟೆದುಕೊಳ್ಳುತ್ತದೆ. ಕೂಡಲೇ ಡ್ರಿಪ್ ಹಾಕದಿದ್ದರೆ ಜೀವ ಹೋಗುತ್ತದೆ.

ಎಂಟು ವಾರ ತುಂಬದ ಮರಿಯನ್ನು ಮಾರಬಾರದು ಎಂಬ ನಿಯಮವನ್ನು ಮುರಿಯುವಷ್ಟು ಸಲೀಸಾಗಿ ಬೇರೆ ಯಾವುದನ್ನೂ ಮುರಿಯುವುದಿಲ್ಲ. ಮೂವತ್ತು ದಿನದ ಮರಿ ಮುದ್ದಾಗಿ ಕಾಣುತ್ತದೆ, ಬೇಗ ಬಿಕರಿಯಾಗುತ್ತದೆ, ಲಸಿಕೆಯ ಖರ್ಚೂ ಉಳಿಯುತ್ತದೆ. ಹಾಗೆ ಬಂದ ಮರಿಗೆ ಪಾರ್ವೊ ತಗುಲಿ, ರಕ್ತಭೇದಿಯಾಗಿ ಒಂದು ವಾರದೊಳಗೆ ಸತ್ತರೆ ಮನೆಯ ಮಕ್ಕಳಿಗೆ ಏನೆಂದು ಹೇಳುವುದು? ಕಚ್ಚಿದರೆ ನೋವಾಗುತ್ತದೆ ಎಂಬ ಅರಿವು ಮರಿಗೆ ಬರುವುದೂ ಒಡಹುಟ್ಟಿದವರ ಜೊತೆ ಉರುಳಾಡುವ ಆ ವಾರಗಳಲ್ಲೇ.

ಕೆಸಿಐ ಪೇಪರ್ ಇದೆ ಎಂದ ಕೂಡಲೇ ಎಲ್ಲವೂ ಸರಿಯಿದೆ ಎಂದು ನಂಬುವವರು ಬಹಳ. ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಕೊಡುವುದು ವಂಶಾವಳಿಯ ದಾಖಲೆ. ಮಂಡಳಿಯ ನೋಂದಣಿ ಪತ್ರವೇ ಬೇರೆ, ಅದನ್ನೂ ಕೇಳಿ ನೋಡಬೇಕು. ಮರಿಗೆ ಮೈಕ್ರೋಚಿಪ್ ಹಾಕಿದೆಯೇ, ತಾಯಿಗೆ ಇದು ಎಷ್ಟನೆಯ ಸೂಲು ಎಂದೂ ಕೇಳಿ. ರಿಜಿಸ್ಟರ್ ಇಟ್ಟಿರುವವರು ಬೇಸರವಿಲ್ಲದೆ ತೆರೆದು ತೋರಿಸುತ್ತಾರೆ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಲೂಸಿ ಕಾನೂನು ಜಾರಿಯಲ್ಲಿದೆ. ಮಧ್ಯವರ್ತಿಗಳು ಮರಿ ಮಾರುವಂತಿಲ್ಲ, ಸಾಕಿದವರ ಜಾಗದಲ್ಲೇ, ತಾಯಿಯ ಜೊತೆಗೇ ಮರಿಯನ್ನು ತೋರಿಸಬೇಕು. ಸತತವಾಗಿ ಮರಿ ಹಾಕಿಸಿಕೊಂಡು ಜರ್ಜರಿತಳಾಗಿ, ವೇಲ್ಸ್‌ನ ಮರಿ ಫಾರಂನಿಂದ ಬಿಡುಗಡೆಯಾದ ಒಂದು ಸ್ಪೇನಿಯಲ್ ನಾಯಿಯ ಹೆಸರೇ ಲೂಸಿ.

ನಮ್ಮಲ್ಲಿ ನಿಯಮದ ಬೆನ್ನಿಗಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರಲ್ಲಿ ಹಿಂಸೆಯ ಮೊದಲ ಅಪರಾಧಕ್ಕೆ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದೊಂದು ಮರಿಗೆ ಸಾವಿರಾರು ರೂಪಾಯಿ ಎಣಿಸುವವರನ್ನು ಈ ದಂಡ ಹೇಗೆ ತಡೆದೀತು? ತಿದ್ದುಪಡಿಯ ಕರಡು 2022ರಲ್ಲೇ ಸಾರ್ವಜನಿಕರ ಮುಂದೆ ಬಂದಿತ್ತು. ಅದನ್ನು ಸಂಸತ್ತಿಗೆ ತಂದು ಕಾಯ್ದೆ ಮಾಡಬೇಕು.

ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮುಧೋಳದ ಸುತ್ತಲಿನ ಹಳ್ಳಿಗಳಲ್ಲಿ ರೈತರು ಒಂದೆರಡು ಬೇಟೆನಾಯಿ ಸಾಕಿ, ತಾವು ಉಂಡ ರೊಟ್ಟಿಯನ್ನೇ ಅವಕ್ಕೂ ಹಾಕಿ ತಳಿಯನ್ನು ಉಳಿಸಿಕೊಂಡು ಬಂದಿದ್ದಾರೆ. ಘೋರ್ಪಡೆ ಅರಸರ ಕಾಲದಿಂದ ಹೆಸರಾದ ಈ ನಾಯಿಗೆ 2005ರಲ್ಲಿ ಅಂಚೆಚೀಟಿ ಬಂತು, ಆಮೇಲೆ ಸೇನೆಯೂ ಮರಿ ಒಯ್ದಿತು, 2020ರಲ್ಲಿ ಪ್ರಧಾನಿ ರೇಡಿಯೊ ಭಾಷಣದಲ್ಲಿ ಹೊಗಳಿದರು. ಹೆಸರು ಬೆಳೆದಂತೆ ಬೇಡಿಕೆಯೂ ಏರುತ್ತದೆ. ಆಗ ಮನೆಯಲ್ಲೇ ಇರುವ ಗಂಡಿಗೆ ಅದರ ತಂಗಿಯನ್ನೋ ಮಗಳನ್ನೋ ಬಿಡುವ ಆಸೆ ಹುಟ್ಟುವುದು ಸಹಜ. ಸಂಖ್ಯೆ ಕಡಿಮೆಯಿರುವ ತಳಿಯಲ್ಲಿ ರಕ್ತ ಹೀಗೆ ಒಳಗೊಳಗೇ ಸುತ್ತಿದರೆ ಮರಿಗಳ ಕಸುವು ಕುಂದುತ್ತದೆ, ಹುಟ್ಟಿನಿಂದಲೇ ಬರುವ ದೋಷಗಳು ಹೆಚ್ಚುತ್ತವೆ. ಹತ್ತಿರದ ರಕ್ತಸಂಬಂಧದಲ್ಲಿ ಕ್ರಾಸ್ ಮಾಡಿಸಬಾರದೆಂಬ ನಿಯಮ ಮುಧೋಳಕ್ಕೇ ಹೆಚ್ಚು ಬೇಕು. ಅದನ್ನು ಪಾಲಿಸಲು ಯಾವ ನಾಯಿ ಯಾರ ಮರಿ ಎಂಬ ಲೆಕ್ಕ ಬೇಕು. ಹೊಲದ ಕೆಲಸ ಬಿಟ್ಟು ಅರ್ಜಿ ಹಿಡಿದು ಬನ್ನಿ ಎಂದು ಆ ರೈತರಿಗೆ ಹೇಳಿದರೆ ಲೆಕ್ಕ ಸಿಗದು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಪಕ್ಕದಲ್ಲೇ ಇದೆ. ಅಲ್ಲಿನ ವೈದ್ಯರು ಚಿಪ್ ಮತ್ತು ರಿಜಿಸ್ಟರ್ ಹಿಡಿದು ಮನೆಬಾಗಿಲಿಗೆ ಹೋಗುವ ವ್ಯವಸ್ಥೆಯನ್ನು ಸರ್ಕಾರ ಮಾಡಲಿ, ನೋಂದಣಿ ಶುಲ್ಕವನ್ನೂ ಅದೇ ಭರಿಸಲಿ.