ಒಂದು ಕೋಳಿಯೋ, ಮೂರು ಕೋಳಿಯೋ

ನಮ್ಮ ಶ್ರೀರಾಂಪುರದ ಸೀಮೆಯಲ್ಲಿ ಕೋಳಿಗೆ ಏನೇ ಬರಲಿ, ಅದು ಕೊಕ್ಕರೆ ರೋಗ. ರೆಕ್ಕೆ ಜೋಲುಬಿಟ್ಟು ಮೂಲೆ ಹಿಡಿದರೂ ಅದೇ, ನಿಂತಲ್ಲೇ ತೂಕಡಿಸಿದರೂ ಅದೇ. ಹಿಕ್ಕೆ ಹಸಿರಾಗಿದ್ದರಂತೂ ಕೇಳುವುದೇ ಬೇಡ. ರೋಗದ ಹೆಸರು ಹೇಳಿದವರೇ ಪರಿಹಾರವನ್ನೂ ಹೇಳಿ ಹೋಗುತ್ತಾರೆ: "ಅದು ಉಳಿಯಾಕಿಲ್ಲ ಕಣಪ್ಪ. ಇನ್ನೂ ಮೈಯಾಗೆ ಮಾಂಸ ಐತೆ, ಕೊಯ್ದುಬಿಡು."

ಭಯಕ್ಕೆ ಕಾರಣವಿಲ್ಲದಿಲ್ಲ. ಕೊಕ್ಕರೆ ರೋಗವೆಂದರೆ ರಾಣಿಖೇತ್. 1926ರಲ್ಲಿ ಜಾವಾದಲ್ಲೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೂ ಕಾಣಿಸಿಕೊಂಡ ವೈರಸ್ಸು, ಸ್ವಲ್ಪ ಕಾಲದಲ್ಲೇ ಕುಮಾವೂನ್ ಬೆಟ್ಟಗಳ ರಾಣಿಖೇತದಲ್ಲಿ ಪತ್ತೆಯಾಗಿ, ನಮ್ಮ ದೇಶದ ಮಟ್ಟಿಗೆ ಆ ಊರಿನ ಹೆಸರನ್ನೇ ಹೊತ್ತಿತು. ಲಸಿಕೆ ಕಾಣದ ಕೇರಿಗೆ ನುಗ್ಗಿದರೆ ಗೂಡಿಗೆ ಗೂಡೇ ಖಾಲಿಯಾಗುವುದುಂಟು. ಬಂದ ಮೇಲೆ ಔಷಧಿಯೂ ಇಲ್ಲ. ನಾಟಿ ಕೋಳಿಗೆ ರೋಗ ತಟ್ಟುವುದಿಲ್ಲ ಎಂದು ಸಂತೆಯಲ್ಲಿ ಹೇಳಿ ಮಾರುವವರಿದ್ದಾರೆ. 1989ರಲ್ಲಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ ಬಂದ ಗಿರಿರಾಜ ತಳಿಯ ಬಗ್ಗೆಯೂ ಅದೇ ಮಾತು. ರಾಣಿಖೇತ್ ತಳಿ ನೋಡುವುದಿಲ್ಲ.

ಆದರೆ ಕೋಳಿಗೆ ತನ್ನ ನೋವು ತೋರಿಸಿಕೊಳ್ಳಲು ಇರುವ ದಾರಿಗಳೇ ನಾಲ್ಕೈದು. ಬೇನೆ ಯಾವುದಾದರೂ ಅದು ಪುಕ್ಕ ಕೆದರಿಕೊಳ್ಳುತ್ತದೆ, ಕಣ್ಣು ಮುಚ್ಚುತ್ತದೆ, ಮೇವು ಬಿಡುತ್ತದೆ. ಹಸಿರು ಹಿಕ್ಕೆಯನ್ನೇ ತೆಗೆದುಕೊಳ್ಳಿ. ಎರಡು ದಿನ ಹೊಟ್ಟೆಗಿಲ್ಲದ ಯಾವ ಕೋಳಿಯೂ ಹಸಿರು ಹಿಕ್ಕೆಯನ್ನೇ ಹಾಕುತ್ತದೆ. ಕರುಳಿನಲ್ಲಿ ಬೇರೇನೂ ಇಲ್ಲದಾಗ ಪಿತ್ತರಸವೊಂದೇ ಹೊರಗೆ ಬರುವುದು. ಜೊತೆಗಿನ ಬಿಳಿ ಅದರ ಮೂತ್ರ. ಅಂದರೆ ಹಸಿರು ಹಿಕ್ಕೆ ಹಸಿವನ್ನು ಹೇಳುತ್ತದೆಯೇ ಹೊರತು ರೋಗವನ್ನಲ್ಲ. ಕತ್ತು ತಿರುಚಿಕೊಂಡರೆ ರಾಣಿಖೇತ್ ಎಂಬುದೂ ಅರ್ಧ ನಿಜ. ಬಿ1 ಜೀವಸತ್ವ ಕಡಿಮೆಯಾದ ಕೋಳಿಯೂ ತಲೆಯನ್ನು ಬೆನ್ನಿಗೆ ಹಚ್ಚಿ ಆಕಾಶ ನೋಡುತ್ತದೆ, ಮತ್ತು ಆ ಜೀವಸತ್ವ ಸಿಕ್ಕರೆ ಬೇಗನೆ ಚೇತರಿಸಿಕೊಳ್ಳುತ್ತದೆ. ಮೈ ಸುಡುತ್ತದೆ ಎನ್ನುವವರಿಗೆ ಒಂದು ಮಾತು: ಆರೋಗ್ಯವಂತ ಕೋಳಿಯ ಮೈಶಾಖವೇ 41ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮ ಅಂಗೈಗೆ ಅದು ಯಾವಾಗಲೂ ಜ್ವರವೇ.

ಬಯಲುಸೀಮೆಯವರು ಮರೆಯಬಾರದ ಕಾಯಿಲೆ ಇನ್ನೊಂದಿದೆ, ಕೋಳಿ ಉಣ್ಣೆ ತರುವ ಜ್ವರ. ನಮ್ಮಂಥ ಒಣ ಹವೆ ಈ ಉಣ್ಣೆಗೆ ಬಲು ಇಷ್ಟ. ದನದ ಉಣ್ಣೆಯ ಹಾಗೆ ಇದು ಸದಾ ಮೈಗೆ ಕಚ್ಚಿಕೊಂಡಿರುವುದಿಲ್ಲ. ಮರಿಗಳು ಮಾತ್ರ ಕೆಲವು ದಿನ ರೆಕ್ಕೆಯಡಿ ಅಂಟಿಕೊಂಡಿರುತ್ತವೆ. ಬೆಳೆದವು ಹಗಲೆಲ್ಲ ಹಲಗೆ ಸಂದಿಯಲ್ಲೋ ಮಣ್ಣುಗೋಡೆಯ ಬಿರುಕಿನಲ್ಲೋ ಅಡಗಿದ್ದು, ಕತ್ತಲಾದ ಮೇಲೆ ಬಂದು ರಕ್ತ ಕುಡಿದು, ಬೆಳಗಾಗುವುದರೊಳಗೆ ಮತ್ತೆ ಸಂದಿ ಸೇರುತ್ತವೆ. ಹಗಲು ಕೋಳಿಯನ್ನು ಎಷ್ಟು ತಡವಿದರೂ ಒಂದೂ ಸಿಗುವುದಿಲ್ಲ. ರಾತ್ರಿ ಟಾರ್ಚು ಹಿಡಿದು ಗೂಡಿಗೆ ಹೋದರೆ ಗೊತ್ತಾಗುತ್ತದೆ. ಗೂಡನ್ನು ಕೆಲ ತಿಂಗಳು ಖಾಲಿ ಬಿಟ್ಟರೆ ತಾವೇ ಸಾಯುತ್ತವೆ ಎಂದು ನಂಬಿದವರು ಮೋಸಹೋಗುತ್ತಾರೆ. ರಕ್ತವಿಲ್ಲದೆ ವರ್ಷಕ್ಕೂ ಮಿಕ್ಕಿ ಬದುಕುವ ಪ್ರಾಣಿ ಅದು. ಅದು ಕಚ್ಚಿದಾಗ ರಕ್ತ ಸೇರುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ತರುವ ಲಕ್ಷಣಗಳನ್ನು ನೋಡಿ: ಜ್ವರ, ತೂಕಡಿಕೆ, ಹಸಿರು ಹಿಕ್ಕೆ, ಕಾಲು ಸೋಲು, ಸಾವು. ಥೇಟು ಕೊಕ್ಕರೆ ರೋಗ. ವ್ಯತ್ಯಾಸವೆಂದರೆ ಇದಕ್ಕೆ ಪೆನಿಸಿಲಿನ್ ನಾಟುತ್ತದೆ. ಜ್ವರವಿರುವಾಗ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಡಿ ನೋಡಿದರೆ ಸುರುಳಿಗಳು ಕಾಣುತ್ತವೆ. ಕೊಯ್ದುಬಿಡು ಎನ್ನಿಸಿಕೊಂಡ ಎಷ್ಟು ಕೋಳಿಗಳು ಬದುಕಬಹುದಾಗಿತ್ತೋ ಎಂಬ ಕಸಿವಿಸಿ ನನಗೆ ಹುಟ್ಟುವುದು ಇಲ್ಲೇ.

ಹಾಗಾದರೆ ಹಿತ್ತಿಲಲ್ಲಿ ನಿಂತವರು ಮಾಡುವುದೇನು? ಯಾವ ರೋಗ ಎಂದು ಕೇಳುವ ಮೊದಲು ಎಷ್ಟು ಕೋಳಿ ಎಂದು ಕೇಳಬೇಕು. ಹತ್ತರಲ್ಲಿ ಒಂದು ಮಂಕಾಗಿ, ಉಳಿದ ಒಂಬತ್ತು ಎರಡು ಮೂರು ದಿನ ಕಳೆದರೂ ತಿಪ್ಪೆ ಕೆದಕುತ್ತಲೇ ಇದ್ದರೆ, ಅದು ಬಹುಮಟ್ಟಿಗೆ ಆ ಕೋಳಿಯ ಸ್ವಂತ ತಾಪತ್ರಯ: ಮೊಟ್ಟೆ ಸಿಕ್ಕಿಕೊಂಡಿರಬಹುದು, ಎದೆಚೀಲ ಕಟ್ಟಿಕೊಂಡಿರಬಹುದು, ಹೊಟ್ಟೆಯಲ್ಲಿ ಹುಳವಿರಬಹುದು. ಒಂದೆರಡು ದಿನದೊಳಗೆ ಮೂರು ಮಂಕಾದರೆ ಅದು ಕೇರಿಯ ವಿಷಯ, ಆಸ್ಪತ್ರೆಗೆ ತಿಳಿಸಲೇಬೇಕು. ಬಿತ್ತನೆ ಕಾಲವಾದರೆ ಇನ್ನೊಂದು ಪ್ರಶ್ನೆ ಸೇರಿಸಿ: ಪಕ್ಕದ ಹೊಲದವರು ಬಣ್ಣ ಹಚ್ಚಿದ ಮೆಕ್ಕೆಜೋಳ ಬಿತ್ತಿದ್ದಾರೆಯೇ? ಬೀಜೋಪಚಾರದ ವಿಷ ತಿಂದ ಕೋಳಿಗಳೂ ಒಟ್ಟಿಗೇ ಮಲಗುತ್ತವೆ.

ಎಣಿಸಿದ ಮೇಲೆ ಕೈಗೆತ್ತಿಕೊಳ್ಳಬೇಕು. ಬೆಳಿಗ್ಗೆ ಮೇವು ಹಾಕುವ ಮುಂಚೆ ಎದೆಯ ಮೇಲಿನ ಚೀಲ ಖಾಲಿಯಿರಬೇಕು. ರಾತ್ರಿ ತಿಂದದ್ದು ಹಾಗೇ ಗಟ್ಟಿಯಾಗಿ ಕೂತಿದ್ದರೆ, ಇಲ್ಲವೇ ಹಿಟ್ಟಿನಂತೆ ಮೆತ್ತಗಾಗಿ ಹುಳಿ ವಾಸನೆ ಹೊಡೆದರೆ, ತೊಂದರೆ ಅಲ್ಲಿದೆ. ಎದೆಮೂಳೆಯ ಎರಡೂ ಪಕ್ಕ ಮಾಂಸ ತುಂಬಿದ್ದು ಇವತ್ತು ಮಂಕಾಗಿದ್ದರೆ ರೋಗ ನಿನ್ನೆ ಮೊನ್ನೆಯದು. ಮೂಳೆ ಕೈಗೆ ಚುಚ್ಚುವಂತಿದ್ದರೆ ಕೋಳಿ ವಾರಗಟ್ಟಲೆ ಬಚ್ಚಿಟ್ಟಿದ್ದು ಇವತ್ತು ಸೋತಿದೆ. ಬಚ್ಚಿಡುವುದು ಅದರ ಹುಟ್ಟುಗುಣ. ಮೆತ್ತಗಾದವಳನ್ನು ಜೊತೆಯವೇ ಕುಕ್ಕಿ ಓಡಿಸುತ್ತವೆ. ಹಿಂಭಾಗದ ಪುಕ್ಕ ಸರಿಸಿ ಹೇನು ನೋಡಿ. ಅದರ ಮೊಟ್ಟೆಗಳು ಪುಕ್ಕದ ಬುಡದಲ್ಲಿ ಬಿಳಿ ಗಂಟಾಗಿರುತ್ತವೆ. ಬಾಲ ಇಳಿಬಿಟ್ಟು ತಿಣುಕುತ್ತಿದ್ದರೆ ಮೊಟ್ಟೆಯ ಅನುಮಾನ. ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಸುಣ್ಣಾಂಶ ಬೇಕು, ಚಿಪ್ಪು ಕಟ್ಟಲು ಇಪ್ಪತ್ತು ಗಂಟೆ ಹಿಡಿಯುತ್ತದೆ. ಒಂದೇ ಸಮನೆ ಮೊಟ್ಟೆಯಿಡುವ ಹ್ಯಾಟೆಗೆ ನಮ್ಮ ರಾಗಿ, ಸಾವೆ ಎಷ್ಟಾದರೂ ಸಾಲದು. ಕುಟ್ಟಿದ ಮೊಟ್ಟೆಚಿಪ್ಪನ್ನೋ ಸುಣ್ಣಕಲ್ಲಿನ ನುಚ್ಚನ್ನೋ ಬೇರೆ ತಟ್ಟೆಯಲ್ಲಿಟ್ಟರೆ ಬೇಕಾದಷ್ಟು ಅದೇ ತಿನ್ನುತ್ತದೆ.

ಆರೈಕೆ ಎಂದರೆ ದೊಡ್ಡದೇನಲ್ಲ. ಬೇರೆ ಮಂಕರಿ, ನೆರಳು, ಗಾಳಿ, ಅಡಿಗೆ ಒಣ ಹುಲ್ಲು, ಚಿಟಿಕೆ ಉಪ್ಪು ಬೆಲ್ಲದ ನೀರು. ಚಳಿಗಾಲದಲ್ಲಾದರೆ ಮೇಲೊಂದು ಬಲ್ಬು. ರೋಗದ ಕೋಳಿಯನ್ನು ಕೊನೆಗೆ ಮುಟ್ಟಿ, ಗಟ್ಟಿ ಕೋಳಿಗಳ ಕೆಲಸ ಮೊದಲು ಮುಗಿಯಲಿ. ಕೊಕ್ಕು ಅಗಲಿಸಿ ಒಳಲೆಯಲ್ಲಿ ನೀರು ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೋಳಿಯ ಶ್ವಾಸನಾಳ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ. ಸುರಿದದ್ದು ಪುಪ್ಪುಸಕ್ಕೆ ಹೋಗಿ, ರೋಗದಿಂದ ಸಾಯದ್ದು ನೀರಿನಿಂದ ಸಾಯುತ್ತದೆ. ಕೊಕ್ಕಿನ ಅಂಚಿಗೆ ಹನಿ ಹನಿಯಾಗಿ ಮುಟ್ಟಿಸಿದರೆ ತಾನೇ ಚಪ್ಪರಿಸುತ್ತದೆ.

ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಕ್ಯಾಪ್ಸೂಲು ತಂದು ಬಿಚ್ಚಿ ಅರ್ಧ ಇವತ್ತು, ಅರ್ಧ ನಾಳೆ ಹಾಕುವ ವೈದ್ಯವೂ ನಡೆಯುತ್ತದೆ. ಆ ಅರೆಬರೆ ಆ್ಯಂಟಿಬಯೋಟಿಕ್ಕು ವೈರಸ್ಸಿಗೆ ನಾಟುವುದಿಲ್ಲ, ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲುವುದಿಲ್ಲ, ಮೊಟ್ಟೆಯ ಮೂಲಕ ಮನೆಯ ಮಕ್ಕಳ ಹೊಟ್ಟೆ ಮಾತ್ರ ಸೇರುತ್ತದೆ. ಹೆಸರು ಗೊತ್ತಾಗದೆ ಇದ್ದಾಗ ಔಷಧಿ ಹಾಕದೆ ಒಂದು ದಿನ ನೋಡುವುದೂ ವೈದ್ಯವೇ.

ಇನ್ನು ಕೊಯ್ಯುವ ಮಾತು. ಕೋಳಿ ಕೇಳಿ ಯಾರೂ ಮಸಾಲೆ ಅರೆಯುವುದಿಲ್ಲ, ಸರಿ. ಆದರೆ ರೋಗದ ಕೋಳಿ ಕೊಯ್ದ ಜಾಗದ ಪುಕ್ಕ, ಕರುಳು, ತೊಳೆದ ನೀರು ತಿಪ್ಪೆ ಸೇರುತ್ತವೆ, ಮಧ್ಯಾಹ್ನಕ್ಕೆ ಬೀದಿಯ ಕೋಳಿಗಳೆಲ್ಲ ಅದೇ ತಿಪ್ಪೆಯ ಮೇಲೆ. ಸಂತೆಗೆ ಒಯ್ದು ಮಾರಿದರೆ ರೋಗ ಹತ್ತು ಊರಿಗೆ ಹಂಚಿಹೋಗುತ್ತದೆ. ಹಕ್ಕಿಜ್ವರ ದೂರದ್ದು ಎಂದುಕೊಳ್ಳುವ ಕಾಲವೂ ಇದಲ್ಲ. 2020ರ ಮಾರ್ಚಿನಲ್ಲಿ ಅದು ನಮ್ಮ ಪಕ್ಕದ ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲಿತ್ತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ, ಬಳ್ಳಾರಿ ಜಿಲ್ಲೆಯ ಕುರೇಕುಪ್ಪದಲ್ಲಿ. ಹಲವು ಕೋಳಿಗಳು ಇದ್ದಕ್ಕಿದ್ದಂತೆ ಸತ್ತರೆ, ಜುಟ್ಟು ನೀಲಿಗಟ್ಟಿದರೆ, ಕೈ ಹಾಕದೆ ಆಸ್ಪತ್ರೆಗೆ ತಿಳಿಸಿ. ಒಂದೇ ಸತ್ತು ಕಾರಣ ತಿಳಿಯದಿದ್ದರೂ ಅದನ್ನು ಹಳ್ಳಕ್ಕೆ ಎಸೆಯಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಐಸಿನ ಜೊತೆ, ಫ್ರೀಜರಿನಲ್ಲಿಟ್ಟು ಕಲ್ಲಾಗಿಸದೆ, ಬೇಗ ವೈದ್ಯರಿಗೆ ತಲುಪಿಸಿದರೆ ಕೊಯ್ದು ನೋಡಿ ಹೇಳುತ್ತಾರೆ. ಅವರಿಗೂ ಅನುಮಾನವಾದರೆ ಹೆಬ್ಬಾಳದ ಪ್ರಯೋಗಾಲಯವಿದೆ. ಕೋಳಿಯ ಲೋಕದಲ್ಲಿ ರೋಗದ ಹೆಸರು ಸಾಮಾನ್ಯವಾಗಿ ತಿಳಿಯುವುದು ಸತ್ತ ಮೇಲೆಯೇ. ಸತ್ತದ್ದು ಉಳಿದವುಗಳಿಗೆ ಮಾಡಬಹುದಾದ ಉಪಕಾರ ಅದು.

ರಾಣಿಖೇತ್ ಲಸಿಕೆ ಹಳ್ಳಿ ಸೇರದಿರಲು ಅಸಡ್ಡೆಯೊಂದೇ ಕಾರಣವಲ್ಲ, ಸೀಸೆಯ ಅಳತೆಯೂ ಕಾರಣ. ಒಂದು ಸೀಸೆ ನೂರು, ಇನ್ನೂರು ಕೋಳಿಗಾಗುವಷ್ಟು ಬರುತ್ತದೆ. ತಣ್ಣಗಿಟ್ಟೇ ತರಬೇಕು, ಕರಗಿಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಯಬೇಕು. ಹಿತ್ತಿಲಲ್ಲಿರುವುದೋ ಎಂಟು ಕೋಳಿ. ಸ್ವಲ್ಪ ಬಿಸಿಗೆ ಕೆಡದ ಐ-2 ಎಂಬ ಲಸಿಕೆಯನ್ನು ಆಸ್ಟ್ರೇಲಿಯದವರು ಇಂಥ ಹಳ್ಳಿಗಳಿಗೆಂದೇ ಮಾಡಿದರು, ಟಾಂಜಾನಿಯ, ಮೊಜಾಂಬಿಕ್‌ಗಳ ಹಳ್ಳಿಗರು ಅದನ್ನು ಕೋಳಿಯ ಕಣ್ಣಿಗೆ ಹನಿಯಾಗಿ ಹಾಕುತ್ತಾರೆ. ಅಂಥದ್ದು ನಮ್ಮ ಕೈಗೆ ಬರುವ ತನಕ ಬೀದಿಯವರು ಕೂಡಿ ಒಂದು ಸೀಸೆ ತರುವುದೇ ದಾರಿ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ, ಎಂಟು ವಾರದ ಮೇಲೆ ಸೂಜಿ. ವಾರ ಮುಂಚೆ ಹುಳದ ಔಷಧಿ. ಸೂಜಿಯ ದಿನ ಮಂಕಾದ ಕೋಳಿಯನ್ನೂ ಮೊಟ್ಟೆಯಿಡುತ್ತಿರುವುದನ್ನೂ ಬಿಡಬೇಕು. ನಮ್ಮ ಬೀದಿಯಲ್ಲಿ ಇದನ್ನು ಬೇಸಿಗೆಗೆ ಮುಂಚೆ, ಮಾರಿಹಬ್ಬಕ್ಕೆ ಹೊರಗಿನ ಕೋಳಿ ಊರೊಳಗೆ ಬರುವುದಕ್ಕೆ ಒಂದು ತಿಂಗಳಾದರೂ ಮೊದಲು, ಸಂಜೆ ಹೊತ್ತು ಇಟ್ಟುಕೊಂಡಿದ್ದೇವೆ. ಕತ್ತಲಾಗುವಾಗ ಎಲ್ಲವೂ ಗೂಡಿನಲ್ಲಿ ಸಿಗುತ್ತವೆ, ಓಡಿಸಿಕೊಂಡು ಹಿಡಿಯುವ ಕಷ್ಟವಿಲ್ಲ.